ಹ್ಯಾಡಿಕ್ಸ್ ಹೆಸರು ಆ ಪಟ್ಟಿಯಲ್ಲಿ ಯಾಕಿಲ್ಲ?

ಅಮೆರಿಕದ ಪಿಟ್ಸ್‌ಬರ್ಗ್ ಊರಿನ ಓಕ್‌ಲ್ಯಾಂಡ್ ಬಡಾವಣೆಯಲ್ಲಿ ಒಂದು ಹಳೇ ಇಟ್ಟಿಗೆ ಗೋಡೆ ಇದೆ. ಒಂದು ಕಾಲಕ್ಕೆ ಅಲ್ಲಿ ಫೋರ್ಬ್ಸ್ ಫೀಲ್ಡ್ ಎಂಬ ಬೇಸ್‌ಬಾಲ್ ಮೈದಾನವಿತ್ತು. ಮೈದಾನ ಹೋಗಿ ವಿಶ್ವವಿದ್ಯಾಲಯದ ಕಟ್ಟಡಗಳು ಬಂದವು. ಹೊರಗೋಡೆಯ ಒಂದು ತುಂಡು ಮಾತ್ರ ಉಳಿಯಿತು. ಪ್ರತಿ ವರ್ಷ ಅಕ್ಟೋಬರ್ 13ರಂದು ಊರಿನ ಬೇಸ್‌ಬಾಲ್ ಅಭಿಮಾನಿಗಳು ಮಡಚುವ ಕುರ್ಚಿ ಹಿಡಿದು ಆ ಗೋಡೆ ಹತ್ತಿರ ಸೇರುತ್ತಾರೆ. 1960ರ ವರ್ಲ್ಡ್ ಸೀರೀಸ್‌ನ (ವರ್ಷದ ಚಾಂಪಿಯನ್ ಯಾರೆಂದು ತೀರ್ಮಾನಿಸುವ ಸರಣಿ) ಏಳನೇ ಪಂದ್ಯದ ರೇಡಿಯೋ ಕಾಮೆಂಟರಿಯನ್ನು ಮೊದಲಿನಿಂದ ಕೊನೆವರೆಗೆ ಹಾಕುತ್ತಾರೆ. ಮಧ್ಯಾಹ್ನ 3 ಗಂಟೆ 36 ನಿಮಿಷಕ್ಕೆ, ಅಂದು ನಡೆದ ಹೊತ್ತಿಗೇ, ಬಿಲ್ ಮಜೆರೋಸ್ಕಿಯ ಹೋಮ್ ರನ್ (ಚೆಂಡನ್ನು ಬೇಲಿ ದಾಟಿಸುವ ಹೊಡೆತ) ಬರುತ್ತದೆ. ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡ 10-9ರಿಂದ ನ್ಯೂಯಾರ್ಕ್ ಯಾಂಕೀಸನ್ನು ಸೋಲಿಸುತ್ತದೆ. ಫಲಿತಾಂಶ ಎಲ್ಲರಿಗೂ ಗೊತ್ತು. ಆದರೂ ಜನ ಎದ್ದು ನಿಂತು ಚಪ್ಪಾಳೆ ತಟ್ಟುತ್ತಾರೆ.

ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋದವರು ಪಕ್ಕದ ಮನೆಯ ಅಜ್ಜ. ಎಪ್ಪತ್ತು ದಾಟಿದವರು, ಚಿಕ್ಕಂದಿನಿಂದ ಪೈರೇಟ್ಸ್ ಅಭಿಮಾನಿ. ಅಲ್ಲಿ ಕಾಮೆಂಟರಿಯಷ್ಟೇ ಜೋರಾಗಿ ನಡೆಯುವುದು ಪ್ರಶ್ನೋತ್ತರ. ಇನಿಂಗ್ಸ್ ನಡುವೆ ಒಬ್ಬರು ಒಂದು ಪ್ರಶ್ನೆ ಎಸೆಯುತ್ತಾರೆ, ಸುತ್ತಲಿನವರು ಉತ್ತರಕ್ಕೆ ಮುಗಿಬೀಳುತ್ತಾರೆ. ಈ ಪಂದ್ಯದಲ್ಲಿ ಎರಡೂ ಕಡೆ ಸೇರಿ ಎಷ್ಟು ಸ್ಟ್ರೈಕ್‌ಔಟ್ (ಮೂರು ಸರಿಯಾದ ಎಸೆತಗಳನ್ನು ಹೊಡೆಯಲಾಗದೆ ಬ್ಯಾಟರ್ ಔಟಾಗುವುದು)? ಒಂದೂ ಇಲ್ಲ. ವರ್ಲ್ಡ್ ಸೀರೀಸ್ ಇತಿಹಾಸದಲ್ಲಿ ಯಾವ ಪಿಚರ್ (ಚೆಂಡು ಎಸೆಯುವವರು) ಕೂಡ ಒಬ್ಬನನ್ನೂ ಸ್ಟ್ರೈಕ್‌ಔಟ್ ಮಾಡದ ಪಂದ್ಯ ಇದೊಂದೇ. ಹೋಮ್ ರನ್ ಕೊಟ್ಟ ಪಿಚರ್ ಯಾರು? ರಾಲ್ಫ್ ಟೆರಿ. ಆಮೇಲೆ ಅವರ ಗತಿ ಏನಾಯ್ತು? ಎರಡು ವರ್ಷ ಬಿಟ್ಟು, 1962ರಲ್ಲಿ, ಇನ್ನೊಂದು ಏಳನೇ ಪಂದ್ಯವನ್ನು ಪೂರ್ತಿ ತಾವೇ ಎಸೆದು 1-0ರಿಂದ ಗೆಲ್ಲಿಸಿದರು. ಬೇಸ್‌ಬಾಲ್‌ನಲ್ಲಿ ಪ್ರತಿ ಪಂದ್ಯದ ಗೆಲುವನ್ನೂ ಸೋಲನ್ನೂ ಒಬ್ಬೊಬ್ಬ ಪಿಚರ್ ಹೆಸರಿಗೆ ಬರೆಯುತ್ತಾರೆ. ಹಾಗಾದರೆ 1960ರ ಈ ಪಂದ್ಯದ ಗೆಲುವು ಯಾವ ಪಿಚರ್ ಹೆಸರಿಗೆ ಹೋಯಿತು?

ಹಾರ್ವಿ ಹ್ಯಾಡಿಕ್ಸ್. ಒಂಬತ್ತನೇ ಇನಿಂಗ್ಸ್‌ನಲ್ಲಿ ಬಂದವರು. ಆ ಹೆಸರು ಬಂದ ಕೂಡಲೇ ಮಾತು 1960 ಬಿಟ್ಟು ಒಂದು ವರ್ಷ ಹಿಂದಕ್ಕೆ ಹೋಗುತ್ತದೆ. ಹೋಗಲೇಬೇಕು. ನಾನು ಇವತ್ತು ಬರೆಯುತ್ತಿರುವುದೂ ಅದಕ್ಕಾಗಿಯೇ.

ಕ್ರಿಕೆಟ್ ನೋಡಿ ಬೆಳೆದವರಿಗೆ ಎರಡು ಮಾತು. ಬೇಸ್‌ಬಾಲ್‌ನಲ್ಲಿ ಒಂದು ತಂಡಕ್ಕೆ ಒಂಬತ್ತು ಇನಿಂಗ್ಸ್, ಪ್ರತಿ ಇನಿಂಗ್ಸ್‌ಗೆ ಮೂರು ಔಟ್. ಒಟ್ಟು 27. ಪಿಚರ್ ನಿಲ್ಲುವ ದಿಬ್ಬಕ್ಕೂ ಬ್ಯಾಟರ್ ಮುಂದಿರುವ ಪ್ಲೇಟ್‌ಗೂ 60 ಅಡಿ 6 ಇಂಚು ದೂರ. ಎದುರಾಳಿಗೆ ಒಂದೂ ಹಿಟ್ (ಚೆಂಡು ಹೊಡೆದು ಔಟಾಗದೆ ಬೇಸ್ ತಲುಪುವುದು) ಕೊಡದೆ ಪಂದ್ಯ ಮುಗಿಸಿದರೆ ಅದು ನೋ-ಹಿಟ್ಟರ್. ವಾಕ್ (ನಾಲ್ಕು ಕೆಟ್ಟ ಎಸೆತಕ್ಕೆ ಪುಕ್ಕಟೆ ಸಿಗುವ ಮೊದಲ ಬೇಸ್) ಇಲ್ಲ, ಫೀಲ್ಡರ್ ತಪ್ಪಿಲ್ಲ, ಚೆಂಡು ಮೈಗೆ ತಾಗಿಲ್ಲ, 27 ಜನ ಬಂದರು 27 ಜನ ಹೋದರು ಅಂದರೆ ಅದು ಪರ್ಫೆಕ್ಟ್ ಗೇಮ್. ಈ ಆಟದ ಅತಿ ಮೇಲಿನ ಮಟ್ಟವಾದ ಮೇಜರ್ ಲೀಗ್‌ನಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಪಂದ್ಯಗಳಾಗಿವೆ. ಪರ್ಫೆಕ್ಟ್ ಗೇಮ್ ಆಗಿರುವುದು 24 ಮಾತ್ರ. ಎರಡು ಸಲ ಮಾಡಿದ ಪಿಚರ್ ಒಬ್ಬರೂ ಇಲ್ಲ. 1880ರ ಜೂನ್‌ನಲ್ಲಿ ಮೊದಲ ಎರಡು ಐದೇ ದಿನಗಳ ಅಂತರದಲ್ಲಿ ಬಂದವು. ಡಾನ್ ಲಾರ್ಸನ್ 1956ರಲ್ಲಿ ವರ್ಲ್ಡ್ ಸೀರೀಸ್‌ನಲ್ಲೇ ಒಂದನ್ನು ಎಸೆದರು. ಸದ್ಯಕ್ಕೆ ಕೊನೆಯದು 2023ರ ಜೂನ್‌ನಲ್ಲಿ ಡೊಮಿಂಗೊ ಹೆರ್ಮಾನ್ ಅವರದ್ದು.

ಆ 24ರಲ್ಲಿ ಹ್ಯಾಡಿಕ್ಸ್ ಇಲ್ಲ.

1959ರ ಮೇ 26, ಮಂಗಳವಾರ ರಾತ್ರಿ. ಮಿಲ್ವಾಕಿಯಲ್ಲಿ ಪೈರೇಟ್ಸ್ ಮತ್ತು ಬ್ರೇವ್ಸ್ ಪಂದ್ಯ. ಹ್ಯಾಡಿಕ್ಸ್ ಎಡಗೈ ಪಿಚರ್, ಐದಡಿ ಒಂಬತ್ತಿಂಚು ಎತ್ತರ. ಈ ಆಟದಲ್ಲಿ ಅದು ಗಿಡ್ಡವೇ. ‘ಬೆಕ್ಕಿನ ಮರಿ’ ಅಂತ ಅಡ್ಡಹೆಸರು, ಯಾಕೆಂದರೆ ‘ಬೆಕ್ಕು’ ಅನ್ನಿಸಿಕೊಂಡಿದ್ದ ಹ್ಯಾರಿ ಬ್ರೆಕೀನ್ ಎಂಬ ಹಿರಿಯ ಪಿಚರ್ ಥರಾನೇ ಕಾಣುತ್ತಿದ್ದರು. ಅವತ್ತು ಅವರಿಗೆ ಜ್ವರ, ನೆಗಡಿ ಬೇರೆ. ಎದುರಿಗಿದ್ದದ್ದು ಹ್ಯಾಂಕ್ ಆರನ್, ಎಡ್ಡಿ ಮ್ಯಾಥ್ಯೂಸ್, ಜೋ ಆಡ್‌ಕಾಕ್ ಇದ್ದ ತಂಡ. ಮೇಜರ್ ಲೀಗ್‌ನ ಎರಡು ವಿಭಾಗಗಳಲ್ಲಿ ಒಂದಾದ ನ್ಯಾಷನಲ್ ಲೀಗನ್ನು ಹಿಂದಿನ ಎರಡೂ ವರ್ಷ ಗೆದ್ದವರು.

ಒಂಬತ್ತು ಇನಿಂಗ್ಸ್ ಆಯಿತು. 27 ಜನ ಬಂದರು, 27 ಜನ ಹೋದರು. ಬೇರೆ ಯಾವ ದಿನವಾದರೂ ಅಲ್ಲಿಗೆ ಮುಗಿದು, ಜೊತೆಗಾರರು ಹೆಗಲ ಮೇಲೆ ಎತ್ತಿಕೊಳ್ಳುತ್ತಿದ್ದರು. ಆದರೆ ಪೈರೇಟ್ಸ್ ಕೂಡ ಒಂದೂ ರನ್ ಮಾಡಿರಲಿಲ್ಲ. ಆಟ ಮುಂದುವರಿಯಿತು. ಹತ್ತನೇ ಇನಿಂಗ್ಸ್, ಮೂರು ಔಟ್. ಹನ್ನೊಂದು, ಮೂರು ಔಟ್. ಹನ್ನೆರಡು, ಮತ್ತೆ ಮೂರು. ಸತತ 36 ಬ್ಯಾಟರ್‌ಗಳು. ಅಷ್ಟು ದೂರ ಮೊದಲೂ ಯಾರೂ ಹೋಗಿರಲಿಲ್ಲ, ಆಮೇಲೂ ಹೋಗಿಲ್ಲ.

ಹದಿಮೂರನೇ ಇನಿಂಗ್ಸ್‌ನಲ್ಲಿ ಫೆಲಿಕ್ಸ್ ಮಂಟಿಯಾ ಚೆಂಡನ್ನು ಮೂರನೇ ಬೇಸ್ ಕಡೆ ಹೊಡೆದರು. ಡಾನ್ ಹೋಕ್ ಹಿಡಿದು ಎಸೆದ ಚೆಂಡು ಸರಿಯಾಗಿ ಬರಲಿಲ್ಲ. ಫೀಲ್ಡರ್ ತಪ್ಪು. ಪರ್ಫೆಕ್ಟ್ ಗೇಮ್ ಹೋಯಿತು, ನೋ-ಹಿಟ್ಟರ್ ಇನ್ನೂ ಇತ್ತು. ಮ್ಯಾಥ್ಯೂಸ್ ಬಂಟ್ ಮಾಡಿ, ಅಂದರೆ ಚೆಂಡನ್ನು ಮೆಲ್ಲಗೆ ತಟ್ಟಿ, ಮಂಟಿಯಾರನ್ನು ಎರಡನೇ ಬೇಸ್‌ಗೆ ದಾಟಿಸಿದರು. ಆರನ್‌ಗೆ ಬೇಕೆಂದೇ ವಾಕ್ ಕೊಟ್ಟರು. ಆಮೇಲೆ ಬಂದ ಆಡ್‌ಕಾಕ್ ಚೆಂಡನ್ನು ಬೇಲಿ ದಾಟಿಸಿದರು.

ಅಲ್ಲಿಗೂ ಕಥೆ ಸರಿಯಾಗಿ ಮುಗಿಯಲಿಲ್ಲ. ಮಂಟಿಯಾ ಓಡಿ ಬಂದರೆ ಆಟ ಮುಗಿದಂತೆ ಅಂದುಕೊಂಡು ಆರನ್ ಅರ್ಧದಲ್ಲೇ ಬೇಸ್ ದಾರಿ ಬಿಟ್ಟು ಡಗ್‌ಔಟ್ ಕಡೆ ತಿರುಗಿದರು. ಹಿಂದಿನಿಂದ ಓಡಿ ಬಂದ ಆಡ್‌ಕಾಕ್ ಆರನ್‌ರನ್ನು ದಾಟಿಬಿಟ್ಟರು. ಅದು ನಿಯಮಕ್ಕೆ ವಿರುದ್ಧ. ಲೀಗ್ ಅಧ್ಯಕ್ಷರು ಆಮೇಲೆ ಹೋಮ್ ರನ್ನನ್ನು ಡಬಲ್ (ಎರಡು ಬೇಸ್‌ನ ಹಿಟ್) ಎಂದು ಬದಲಿಸಿದರು. ಅಂತಿಮ ಸ್ಕೋರ್ 1-0. ಹ್ಯಾಡಿಕ್ಸ್ ಕೊಟ್ಟದ್ದು ಒಂದೇ ಹಿಟ್. ಬ್ರೇವ್ಸ್ ಪರ ಲೂ ಬರ್ಡೆಟ್ ಕೊಟ್ಟದ್ದು 12. ಅವರು ಕೂಡ ಹದಿಮೂರೂ ಇನಿಂಗ್ಸ್ ಒಬ್ಬರೇ ಎಸೆದರು, ಒಂದು ವಾಕ್ ಕೂಡ ಕೊಡದೆ. ಗೆಲುವು ಬರ್ಡೆಟ್‌ಗೆ, ಸೋಲು ಹ್ಯಾಡಿಕ್ಸ್‌ಗೆ.

ಅಜ್ಜ ಅವತ್ತು ಹುಡುಗ. ಮರುದಿನ ಶಾಲೆ ಇತ್ತು. ಮಲಗಿದ ಹಾಗೆ ಮಾಡಿ ರೇಡಿಯೋ ಸಣ್ಣಗೆ ಹಾಕಿಕೊಂಡಿದ್ದರಂತೆ. ಬಾಬ್ ಪ್ರಿನ್ಸ್ ಎಂದರೆ ಆಗ ಪೈರೇಟ್ಸ್ ಕಾಮೆಂಟರಿಯ ದನಿ. ಹತ್ತನೇ ಇನಿಂಗ್ಸ್ ಹೊತ್ತಿಗೆ ಅಪ್ಪನೂ ಬಂದು ಮಂಚದ ತುದಿಯಲ್ಲಿ ಕೂತರಂತೆ, ಬೈಯಲಿಲ್ಲವಂತೆ. ಇದನ್ನು ಹೇಳುವಾಗ ಅಜ್ಜನ ಮುಖ ಬೇರೆಯೇ ಆಗುತ್ತದೆ.

ವರ್ಷಗಳ ನಂತರ ಇನ್ನೊಂದು ವಿಷಯ ಹೊರಬಂತು. ಬ್ರೇವ್ಸ್ ಪಿಚರ್ ಆಗಿದ್ದ ಬಾಬ್ ಬುಲ್ ಹೇಳಿದ್ದು. ಪೈರೇಟ್ಸ್ ಕ್ಯಾಚರ್ (ನಮ್ಮ ವಿಕೆಟ್‌ಕೀಪರ್ ಥರ) ಸ್ಮೋಕಿ ಬರ್ಜೆಸ್ ದಪ್ಪಗಿದ್ದರು, ಪೂರ್ತಿ ಕುಕ್ಕರಗಾಲಲ್ಲಿ ಕೂರಲು ಆಗುತ್ತಿರಲಿಲ್ಲ. ಯಾವ ಚೆಂಡು ಎಸೆಯಬೇಕೆಂದು ಅವರು ಹ್ಯಾಡಿಕ್ಸ್‌ಗೆ ಕೊಡುವ ಸನ್ನೆ, ದೂರದ ಬುಲ್‌ಪೆನ್‌ನಲ್ಲಿ (ಬದಲಿ ಪಿಚರ್‌ಗಳು ಕಾಯುವ ಜಾಗ) ಇದ್ದ ಬ್ರೇವ್ಸ್ ಪಿಚರ್‌ಗಳಿಗೆ ಕಾಣುತ್ತಿತ್ತು. ಒಂದು ಟವೆಲ್ ಆಚೀಚೆ ಸರಿಸಿ ಮುಂದೆ ಬರುವ ಚೆಂಡು ಯಾವುದು ಅಂತ ಬ್ಯಾಟರ್‌ಗಳಿಗೆ ತಿಳಿಸುತ್ತಿದ್ದರಂತೆ. ಇದು ನಿಜವಾದರೆ ಆ 36 ಔಟ್‌ಗಳ ತೂಕ ಎಷ್ಟು ಅಂತ ಯೋಚಿಸಿ. ಯಾವ ಚೆಂಡು ಬರುತ್ತದೆಂದು ಗೊತ್ತಿದ್ದೂ ಹೊಡೆಯಲಾಗಲಿಲ್ಲ.

ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಈ ಪಂದ್ಯ ಪರ್ಫೆಕ್ಟ್ ಗೇಮ್‌ಗಳ ಪಟ್ಟಿಯಲ್ಲಿತ್ತು. 1991ರಲ್ಲಿ ಮೇಜರ್ ಲೀಗ್‌ನ ಸಮಿತಿಯೊಂದು ಕೂತು ನಿಯಮವನ್ನು ಬಿಗಿ ಮಾಡಿತು. ಕನಿಷ್ಠ ಒಂಬತ್ತು ಇನಿಂಗ್ಸ್ ಇರಬೇಕು, ಪಂದ್ಯ ಮುಗಿಯುವವರೆಗೂ ಹಿಟ್ ಇರಬಾರದು. ಒಂದೇಟಿಗೆ ಸುಮಾರು 50 ನೋ-ಹಿಟ್ಟರ್‌ಗಳು ಪಟ್ಟಿಯಿಂದ ಹೊರಬಿದ್ದವು. ಮಳೆಗೆ ಐದಾರು ಇನಿಂಗ್ಸ್‌ಗೇ ನಿಂತುಹೋದ ಪಂದ್ಯಗಳು ಹೋಗಿದ್ದು ಸರಿಯೇ ಅನ್ನಿಸುತ್ತದೆ. ಹ್ಯಾಡಿಕ್ಸ್ ಪಂದ್ಯವೂ ಅದೇ ಗಂಟಿನಲ್ಲಿ ಹೋಯಿತು. ಐದು ಇನಿಂಗ್ಸ್ ಆಡಿದವರನ್ನೂ ಹನ್ನೆರಡು ಇನಿಂಗ್ಸ್ ಆಡಿದವರನ್ನೂ ಒಂದೇ ಸಾಲಲ್ಲಿ ನಿಲ್ಲಿಸಿ ಹೊರಗೆ ಕಳಿಸಿದರು. ನಿಯಮ ಬೇಕು, ಒಪ್ಪುತ್ತೇನೆ. ಆದರೆ ಅತಿ ದೊಡ್ಡ ಉದಾಹರಣೆಯನ್ನೇ ಹಿಡಿದಿಡಲಾಗದ ನಿಯಮ ಚೆನ್ನಾಗಿ ಬರೆದ ನಿಯಮ ಅಂತ ನನಗೆ ಅನ್ನಿಸುವುದಿಲ್ಲ.

ಹ್ಯಾಡಿಕ್ಸ್ 1994ರಲ್ಲಿ ತೀರಿಕೊಂಡರು. ಪಟ್ಟಿಯಲ್ಲಿ ಹೆಸರಿಲ್ಲ. ಆದರೆ ಪಿಟ್ಸ್‌ಬರ್ಗ್‌ನ ಗೋಡೆ ಹತ್ತಿರ ನಿಂತು ಕೇಳಿ ನೋಡಿ, ಆ 24 ಹೆಸರುಗಳಲ್ಲಿ ಹತ್ತನ್ನು ಹೇಳುವವರು ಕಡಿಮೆ. ಹ್ಯಾಡಿಕ್ಸ್ ಹೆಸರು ಗೊತ್ತಿಲ್ಲದವರು ಒಬ್ಬರೂ ಸಿಗಲ್ಲ. ಅಭಿಮಾನಿಗಳ ಈ ಪ್ರಶ್ನೋತ್ತರದ ಹುಚ್ಚನ್ನು ಕೆಲವರು ಸುಮ್ನೆ ಕಾಲಹರಣ ಅನ್ನುತ್ತಾರೆ. ನನಗೆ ಹಾಗೆ ಕಾಣುವುದಿಲ್ಲ. ಪಟ್ಟಿ ಕೈಬಿಟ್ಟವರನ್ನು ಈ ಜನ ಬಿಡದೆ ಹಿಡಿದುಕೊಂಡಿದ್ದಾರೆ.

ನಮಗೂ ಇದು ಗೊತ್ತಿರುವುದೇ. 1999ರಲ್ಲಿ ದೆಹಲಿಯ ಕೋಟ್ಲಾದಲ್ಲಿ ಅನಿಲ್ ಕುಂಬ್ಳೆ ಪಾಕಿಸ್ತಾನದ ಹತ್ತೂ ವಿಕೆಟ್ ತೆಗೆದರು, 74 ರನ್‌ಗೆ. ಸ್ಕೋರ್‌ಬುಕ್ ಅಷ್ಟನ್ನು ಹೇಳುತ್ತದೆ. ಒಂಬತ್ತು ಆದಮೇಲೆ ಇನ್ನೊಂದು ತುದಿಯಿಂದ ಜಾವಗಲ್ ಶ್ರೀನಾಥ್ ತಮಗೆ ವಿಕೆಟ್ ಬೀಳಬಾರದು ಅಂತ ಚೆಂಡನ್ನು ಸ್ಟಂಪ್‌ನಿಂದ ದೂರ ದೂರ ಹಾಕಿದ್ದು ಯಾವ ಅಂಕಣದಲ್ಲೂ ಇಲ್ಲ. ಅದನ್ನು ಇಟ್ಟುಕೊಂಡಿರುವವರು ನಾವು.

ಇಂಥದ್ದೇ ಇನ್ನೊಂದು ಹೆಸರು ಎರ್ನಿ ಶೋರ್. 1917ರಲ್ಲಿ ಬೋಸ್ಟನ್ ಪರ ಪಂದ್ಯ ಶುರು ಮಾಡಿದ್ದು ಬೇಬ್ ರೂತ್. ಹೌದು, ಅದೇ ಬೇಬ್ ರೂತ್, ಆಗ ಅವರು ಪಿಚರ್. ಮೊದಲ ಬ್ಯಾಟರ್‌ಗೇ ವಾಕ್ ಆಯಿತು, ರೂತ್ ಅಂಪೈರ್ ಮೇಲೆ ಕೈ ಮಾಡಿ ಹೊರಹಾಕಿಸಿಕೊಂಡರು. ಅವಸರದಲ್ಲಿ ಶೋರ್ ಬಂದರು. ಬೇಸ್‌ನಲ್ಲಿದ್ದವನು ಕದ್ದು ಓಡಲು ಹೋಗಿ ಔಟಾದ. ಆಮೇಲೆ ಬಂದ 26 ಜನರನ್ನೂ ಶೋರ್ ಔಟ್ ಮಾಡಿದರು. ಅದನ್ನೂ ತುಂಬಾ ಕಾಲ ಪರ್ಫೆಕ್ಟ್ ಗೇಮ್ ಅಂತಲೇ ಎಣಿಸುತ್ತಿದ್ದರು. ಈಗ ಅದು ಇಬ್ಬರು ಸೇರಿ ಮಾಡಿದ ನೋ-ಹಿಟ್ಟರ್.

ಅರ್ಮಾಂಡೊ ಗಲರಾಗ ಅವರದ್ದು ಹತ್ತಿರದ ಕಾಲದ್ದು. 2010ರ ಜೂನ್ 2, ಡೆಟ್ರಾಯಿಟ್. 26 ಜನ ಔಟಾಗಿದ್ದರು. 27ನೆಯವರು ಜೇಸನ್ ಡೊನಾಲ್ಡ್. ಚೆಂಡನ್ನು ಮೊದಲ ಬೇಸ್ ಮತ್ತು ಎರಡನೇ ಬೇಸ್ ನಡುವೆ ಹೊಡೆದರು. ಗಲರಾಗ ಓಡಿ ಹೋಗಿ ಬೇಸ್ ಮೇಲೆ ಕಾಲಿಟ್ಟು ಚೆಂಡು ಪಡೆದರು. ಡೊನಾಲ್ಡ್ ಇನ್ನೂ ಒಂದು ಹೆಜ್ಜೆ ಹಿಂದಿದ್ದರು. ಅಂಪೈರ್ ಜಿಮ್ ಜಾಯ್ಸ್ ಎರಡೂ ಕೈ ಅಗಲಿಸಿ ನಾಟ್ ಔಟ್ ಅಂದರು. ಆ ವಿಡಿಯೋ ನೋಡಿ. ಜೋರು ಕೂಗಾಡುವ ಜಾಗ ಅದು. ಗಲರಾಗ ಕೂಗಲಿಲ್ಲ, ನಕ್ಕರು. ವಾಪಸ್ ಹೋಗಿ ಮುಂದಿನ ಬ್ಯಾಟರ್‌ನನ್ನು ಔಟ್ ಮಾಡಿ ಪಂದ್ಯ ಮುಗಿಸಿದರು. ಜಾಯ್ಸ್ ಒಳಗೆ ಹೋಗಿ ರೀಪ್ಲೇ ನೋಡಿ ಅತ್ತರು, ಗಲರಾಗ ಅವರನ್ನು ಕಂಡು ಕ್ಷಮೆ ಕೇಳಿದರು. ಮರುದಿನ ಪಂದ್ಯದ ಮೊದಲು ತಂಡದ ಪಟ್ಟಿಯನ್ನು ಅಂಪೈರ್ ಕೈಗೆ ಕೊಡಲು ಬಂದದ್ದು ಗಲರಾಗ ಅವರೇ. ಕಮಿಷನರ್ ಆ ತೀರ್ಪನ್ನು ಬದಲಿಸಲಿಲ್ಲ. ಅಭಿಮಾನಿಗಳು ಅದನ್ನು ಕರೆಯುವುದು 28 ಔಟ್‌ಗಳ ಪರ್ಫೆಕ್ಟ್ ಗೇಮ್ ಅಂತ.

ಅಜ್ಜನ ಜೊತೆ ಪೈರೇಟ್ಸ್‌ನ ಈಗಿನ ಮೈದಾನ ಪಿಎನ್‌ಸಿ ಪಾರ್ಕ್‌ಗೆ ಹೋದಾಗ ನಾನು ಆಟಕ್ಕಿಂತ ಜಾಸ್ತಿ ನೋಡುವುದು ಅವರ ಕೈಯನ್ನು. ತೊಡೆ ಮೇಲೆ ಸ್ಕೋರ್‌ಕಾರ್ಡ್, ಕೈಯಲ್ಲಿ ಪೆನ್ಸಿಲ್. ಪ್ರತಿ ಬ್ಯಾಟರ್‌ಗೂ ಒಂದು ಸಾಲು, ಪ್ರತಿ ಇನಿಂಗ್ಸ್‌ಗೂ ಒಂದು ಚೌಕ. ಆಟಗಾರರ ಜಾಗಕ್ಕೆಲ್ಲ ಒಂದೊಂದು ಅಂಕೆ ಇದೆ. ಪಿಚರ್ 1, ಕ್ಯಾಚರ್ 2, ಮೊದಲ ಬೇಸ್ 3, ಎರಡನೇ ಬೇಸ್ 4, ಮೂರನೇ ಬೇಸ್ 5, ಶಾರ್ಟ್‌ಸ್ಟಾಪ್ 6, ಆಚೆ ನಿಂತ ಮೂವರು 7, 8, 9. ಶಾರ್ಟ್‌ಸ್ಟಾಪ್ ಹಿಡಿದು ಮೊದಲ ಬೇಸ್‌ಗೆ ಎಸೆದು ಔಟಾದರೆ ‘6-3’. ಸ್ಟ್ರೈಕ್‌ಔಟ್ ಆದರೆ ಇಂಗ್ಲಿಷಿನ ‘ಕೆ’ ಅಕ್ಷರ. ಬ್ಯಾಟರ್ ಬ್ಯಾಟ್ ಬೀಸದೆ ಸುಮ್ಮನೆ ನಿಂತು ಮೂರನೇ ಸ್ಟ್ರೈಕ್ ಬಿಟ್ಟುಕೊಟ್ಟರೆ ಅದೇ ಅಕ್ಷರವನ್ನು ತಿರುಗಿಸಿ ಬರೆಯಬೇಕು. ಅಜ್ಜ ತಿರುಗಿಸಿದ ಅಕ್ಷರ ಬರೆಯುವಾಗ ಪೆನ್ಸಿಲನ್ನು ಸ್ವಲ್ಪ ಒತ್ತುತ್ತಾರೆ. ಆ ಒಂದು ಗುರುತಿನಲ್ಲಿ ಪಿಚರ್ ಬ್ಯಾಟರ್‌ನನ್ನು ಹೇಗೆ ಮಂಕು ಮಾಡಿದ ಅನ್ನುವುದೂ ಸೇರಿದೆ. ಹತ್ತು ವರ್ಷ ಬಿಟ್ಟು ಆ ಹಾಳೆ ತೆಗೆದರೂ ಪಂದ್ಯ ಪೂರ್ತಿ ಓದಬಹುದು.

ಹಳೇ ದಾಖಲೆಗಳು ಬದಲಾಗುವುದು ಕೂಡ ಇಂಥ ಹಾಳೆಗಳಿಂದಲೇ. ಗ್ರೋವರ್ ಕ್ಲೀವ್‌ಲ್ಯಾಂಡ್ ಅಲೆಕ್ಸಾಂಡರ್ ಎಂಬ ಪಿಚರ್ ಕಥೆ ನೋಡಿ. ನ್ಯಾಷನಲ್ ಲೀಗ್‌ನಲ್ಲಿ ಕ್ರಿಸ್ಟಿ ಮ್ಯಾಥ್ಯೂಸನ್ 372 ಗೆಲುವು ಪಡೆದಿದ್ದರು, ಅದೇ ದಾಖಲೆ. 1929ರಲ್ಲಿ ಅಲೆಕ್ಸಾಂಡರ್ 373ನೇ ಪಂದ್ಯ ಗೆದ್ದು ಅದನ್ನು ಮುರಿದರು. ವಯಸ್ಸಾಗಿತ್ತು, ಕುಡಿತ ಜಾಸ್ತಿಯಾಗಿತ್ತು. ಆದರೂ ದಾಖಲೆ ತಮ್ಮದು ಎಂಬ ಸಮಾಧಾನದಲ್ಲಿ ಆಟ ಬಿಟ್ಟರು. 1940ರ ದಶಕದಲ್ಲಿ ಹಳೇ ಲೆಕ್ಕ ನೋಡುತ್ತಿದ್ದವರಿಗೆ 1902ರ ಒಂದು ತಪ್ಪು ಸಿಕ್ಕಿತು. ಮ್ಯಾಥ್ಯೂಸನ್‌ಗೆ ಸೇರಬೇಕಾದ ಒಂದು ಗೆಲುವು ಬಿಟ್ಟುಹೋಗಿತ್ತು. ಅವರದ್ದೂ 373 ಆಯಿತು. ಮ್ಯಾಥ್ಯೂಸನ್ ತೀರಿಕೊಂಡು ಆಗಲೇ ವರ್ಷಗಳಾಗಿದ್ದವು. ಅಲೆಕ್ಸಾಂಡರ್ ಬದುಕಿದ್ದರು. ದಾಖಲೆ ಇನ್ನು ಇಬ್ಬರದ್ದು. ಸತ್ಯಕ್ಕಾಗಿ ತಿದ್ದಲೇಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೂ ಈ ಪ್ರಸಂಗ ನೆನಪಾದಾಗಲೆಲ್ಲ ಅಲೆಕ್ಸಾಂಡರ್ ಬಗ್ಗೆ ಹೊಟ್ಟೆ ಚುರ್ ಅನ್ನುತ್ತದೆ.

ಎಲ್ಲಕ್ಕಿಂತ ದೊಡ್ಡ ಸಂಖ್ಯೆ ಹಳೇ ಕಾಲದ ಪಿಚರ್ ಸೈ ಯಂಗ್ ಅವರ 511 ಗೆಲುವು. ವರ್ಷಕ್ಕೆ 25ರಂತೆ ಇಪ್ಪತ್ತು ವರ್ಷ ಗೆದ್ದರೂ 500 ಮಾತ್ರ ಆಗುತ್ತದೆ. ಈಗ ವರ್ಷಕ್ಕೆ 20 ಗೆದ್ದರೇ ಸುದ್ದಿ. ಅತಿ ಹೆಚ್ಚು ಸೋತವರೂ ಅವರೇ. ಅದು 315ಓ 316ಓ ಅಂತ ಇವತ್ತಿಗೂ ಬೇರೆ ಬೇರೆ ಕಡೆ ಬೇರೆ ಬೇರೆ ಅಂಕೆ. ಶುರು ಮಾಡಿದ ಪಂದ್ಯವನ್ನು ಅವರೇ ಕೊನೆವರೆಗೆ ಎಸೆದು ಮುಗಿಸಿದ್ದು 749 ಸಲ. ಈಗ 30 ತಂಡಗಳ ಎಲ್ಲಾ ಪಿಚರ್‌ಗಳೂ ಸೇರಿ ಒಂದು ವರ್ಷದಲ್ಲಿ ಅಂಥದ್ದು ಮೂವತ್ತರ ಆಸುಪಾಸು ಆದರೆ ಹೆಚ್ಚು.

ಹಾಗಂತ ಈಗಿನ ಪಿಚರ್‌ಗಳು ಕಡಿಮೆ ಅನ್ನುವ ವಾದ ನನಗೆ ಹಿಡಿಸುವುದಿಲ್ಲ. ಪೈರೇಟ್ಸ್‌ನ ಪಾಲ್ ಸ್ಕೀನ್ಸ್ ಎಸೆಯುವುದನ್ನು ನೋಡಿದ ಮೇಲಂತೂ ಇಲ್ಲ. 2025ರಲ್ಲಿ ಅವರ ಗೆಲುವು 10, ಸೋಲು 10. ಒಂಬತ್ತು ಇನಿಂಗ್ಸ್‌ಗೆ ಸರಾಸರಿ ಕೊಟ್ಟ ರನ್ 1.97. ಗೆಲುವು-ಸೋಲು ಸರಿಸಮ ಇದ್ದರೂ ವರ್ಷದ ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿಯ ಎಲ್ಲಾ ಮೊದಲ ಸ್ಥಾನದ ಮತಗಳೂ ಅವರಿಗೇ ಬಿದ್ದವು. ಮೂವತ್ತೆಂಟು ವರ್ಷ ಹಿಂದೆ, 1987ರಲ್ಲಿ, ನೋಲನ್ ರಯನ್ 2.76 ಸರಾಸರಿಯಲ್ಲಿ ಲೀಗ್‌ಗೇ ಮೊದಲಿಗರು, ಸ್ಟ್ರೈಕ್‌ಔಟ್‌ನಲ್ಲೂ ಮೊದಲಿಗರು. ಆದರೆ ಅವರ ತಂಡ ರನ್ ಮಾಡಲಿಲ್ಲ, ಗೆಲುವು 8, ಸೋಲು 16. ಪ್ರಶಸ್ತಿ ಬರಲಿಲ್ಲ. 5,714 ಸ್ಟ್ರೈಕ್‌ಔಟ್, ಏಳು ನೋ-ಹಿಟ್ಟರ್, ಕೊನೆಯದು 44ನೇ ವಯಸ್ಸಿನಲ್ಲಿ. ಅಷ್ಟೆಲ್ಲಾ ಇದ್ದೂ 27 ಸೀಸನ್‌ಗಳಲ್ಲಿ ಒಂದು ಸಲವೂ ಸೈ ಯಂಗ್ ಪ್ರಶಸ್ತಿ ಸಿಗಲಿಲ್ಲ. ಗೆಲುವು ಎಂಬ ಅಂಕೆಯನ್ನು ಕಣ್ಣುಮುಚ್ಚಿ ನಂಬಬೇಡಿ ಅಂತ ವರ್ಷಗಟ್ಟಲೆ ಕೂತು ಲೆಕ್ಕ ಹಾಕಿ ಹೇಳಿದವರು ಹೆಚ್ಚಾಗಿ ಸಾಮಾನ್ಯ ಅಭಿಮಾನಿಗಳು. ಅವರು ಬಿಡದೆ ವಾದ ಮಾಡಿದ್ದರಿಂದಲೇ ಸ್ಕೀನ್ಸ್‌ಗೆ ನ್ಯಾಯ ಸಿಕ್ಕಿತು ಅಂತ ನಾನು ನಂಬುತ್ತೇನೆ.

ಸ್ಕೀನ್ಸ್ ಬಗ್ಗೆ ಅಜ್ಜನಿಗೆ ಇಷ್ಟವಾದ ಪ್ರಶ್ನೆ ಒಂದಿದೆ. 2024ರ ಜುಲೈ 11ರಂದು ಅವರು ಏಳು ಇನಿಂಗ್ಸ್ ಒಂದೂ ಹಿಟ್ ಕೊಡದೆ ಎಸೆದರು, 11 ಸ್ಟ್ರೈಕ್‌ಔಟ್. 99 ಎಸೆತ ಆಗಿತ್ತು, ಯುವಕನ ತೋಳು ಕಾಪಾಡಬೇಕು ಅಂತ ತಂಡ ಅವರನ್ನು ಅಲ್ಲಿಗೇ ನಿಲ್ಲಿಸಿತು. ಪೈರೇಟ್ಸ್ ಗೆದ್ದದ್ದು 1-0. ಯಾವ ಊರು? ಮಿಲ್ವಾಕಿ. ಹ್ಯಾಡಿಕ್ಸ್ 1-0ರಿಂದ ಸೋತ ಊರು. ಹಳೇ ಮೈದಾನ ಈಗಿಲ್ಲ, ಹೊಸದು ಅದರ ಪಕ್ಕದಲ್ಲೇ ಎದ್ದಿದೆ.

ಪಿಟ್ಸ್‌ಬರ್ಗ್‌ನಲ್ಲಿದ್ದು ಸ್ಯಾಚೆಲ್ ಪೇಜ್ ಹೆಸರು ಎತ್ತದೆ ಮುಗಿಸಲಾಗುವುದಿಲ್ಲ. ಕಪ್ಪು ಜನರಿಗೆ ಮೇಜರ್ ಲೀಗ್ ಬಾಗಿಲು ಮುಚ್ಚಿದ್ದ ಕಾಲದಲ್ಲಿ ಅವರು ಇದೇ ಊರಿನ ಪಿಟ್ಸ್‌ಬರ್ಗ್ ಕ್ರಾಫರ್ಡ್ಸ್ ಪರ ಆಡಿದರು. 1934ರ ಜುಲೈ 4ರಂದು ಹೋಮ್‌ಸ್ಟೆಡ್ ಗ್ರೇಸ್ ವಿರುದ್ಧ ನೋ-ಹಿಟ್ಟರ್ ಎಸೆದರು, 17 ಸ್ಟ್ರೈಕ್‌ಔಟ್. ಎದುರಿನ ತಂಡವೂ ಪಕ್ಕದ್ದೇ. ಮೇಜರ್ ಲೀಗ್‌ಗೆ ಕಾಲಿಟ್ಟದ್ದು 1948ರಲ್ಲಿ, 42ನೇ ವಯಸ್ಸಿನಲ್ಲಿ. ಅಲ್ಲಿ ಸಿಕ್ಕ ಗೆಲುವು 28. 1965ರಲ್ಲಿ, 59ನೇ ವಯಸ್ಸಿನಲ್ಲಿ, ಮತ್ತೆ ಮೂರು ಇನಿಂಗ್ಸ್ ಎಸೆದು ಒಂದೇ ಹಿಟ್ ಕೊಟ್ಟರು. ದಶಕಗಳ ಕಾಲ ಅಧಿಕೃತ ಪುಸ್ತಕ ತೆರೆದರೆ ಪೇಜ್ ಎಂದರೆ ಅಷ್ಟೇ.

ಉಳಿದದ್ದನ್ನು ಕೂಡಿಸಿದವರು ಅಭಿಮಾನಿಗಳು ಮತ್ತು ಸಂಶೋಧಕರು. ಕಪ್ಪು ಜನರ ಪತ್ರಿಕೆಗಳ ಹಳೇ ಪ್ರತಿ ಹುಡುಕಿ, ಒಂದೊಂದೇ ಪಂದ್ಯದ ಬಾಕ್ಸ್ ಸ್ಕೋರ್ (ಅಂಕಿಗಳ ಪಟ್ಟಿ) ಜೋಡಿಸುತ್ತಾ ಹೋದರು. 2020ರಲ್ಲಿ ಮೇಜರ್ ಲೀಗ್ ಕಪ್ಪು ಆಟಗಾರರ ಆ ಕಾಲದ ಲೀಗ್‌ಗಳಿಗೂ ಸಮಾನ ಸ್ಥಾನ ಕೊಟ್ಟಿತು. 2024ರ ಮೇನಲ್ಲಿ ಅಂಕಿ-ಅಂಶಗಳೂ ಅಧಿಕೃತ ದಾಖಲೆಗೆ ಸೇರಿದವು, 2,300ಕ್ಕೂ ಹೆಚ್ಚು ಆಟಗಾರರದ್ದು. ಪೇಜ್ ಗೆಲುವು ನೂರು ದಾಟಿತು. 1920ರಿಂದ 1948ರವರೆಗಿನ ದಾಖಲೆಯಲ್ಲಿ ಸಿಕ್ಕಿರುವುದು ಸುಮಾರು ಮುಕ್ಕಾಲು ಪಾಲು. ಉಳಿದ ಕಾಲು ಪಾಲು ಎಲ್ಲೋ ಹಳೇ ಪತ್ರಿಕೆಗಳಲ್ಲಿದೆ, ಇನ್ನೂ ಹುಡುಕುತ್ತಿದ್ದಾರೆ. ಈ ಊರಿನ ‘ಪಿಟ್ಸ್‌ಬರ್ಗ್ ಕೊರಿಯರ್’ ಅಂಥ ಪತ್ರಿಕೆಗಳಲ್ಲಿ ಒಂದು. ಮುಂದಿನ ಚಳಿಗಾಲದಲ್ಲಿ ಅದರ 1930ರ ದಶಕದ ಸಂಚಿಕೆಗಳನ್ನು ಕೂತು ಓದೋಣ ಅಂತ ಅಜ್ಜ ಹೇಳಿದ್ದಾರೆ. ನಾನು ಹ್ಞೂಂ ಅಂದಿದ್ದೇನೆ.